ಒಂದೇ ಹಸು, ಎರಡು ಗೆರೆ

ಚುಕ್ಕಿಯ ಕುತ್ತಿಗೆಯ ಮೇಲೆ ಅಂಗೈಯಗಲ ಕೂದಲು ಬೋಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಚರ್ಮ ಆರಿದ ಮೇಲೆ ಸೂಜಿಪಟ್ಟಿಯನ್ನು ಒತ್ತಿ ಹಿಡಿದಾಗ ಬೆಳಿಗ್ಗೆ ಹತ್ತು ಗಂಟೆ. ಅದು ಸೂಲಿಬೆಲೆಗೆ ಹತ್ತಿರದ ಒಂದು ಹಳ್ಳಿಯ ಕೊಟ್ಟಿಗೆ. ಚುಕ್ಕಿ ಕರು ಹಾಕಿ ಐದು ದಿನವಾಗಿದ್ದ ಸೀಮೆ ಹಸು. ನಾವು ಪಟ್ಟಿ ಅಂಟಿಸಿದ ಹಸುಗಳಲ್ಲಿ ಹನ್ನೊಂದನೆಯದು. ಹಗ್ಗ ಹಿಡಿದು ನಿಂತಿದ್ದಾಕೆ ಹಸುವಿನ ಒಡತಿ. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ನಾನು ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಎರಡು ಹಸು ಕಟ್ಟಿಕೊಂಡು ದಿನಕ್ಕೆರಡು ಸಲ ಡೇರಿಗೆ ಹಾಲು ಹಾಕುತ್ತಿದ್ದಳು.

"ನೋಯ್ತದಾ ಅದಕ್ಕೆ?" ಎಂದು ಕೇಳಿದಳು.

"ಸೊಳ್ಳೆ ಕಚ್ಚಿದಷ್ಟು ಅಕ್ಕಾ, ಅಷ್ಟೇ."

ಪಟ್ಟಿ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ಒಳಮೈಯಲ್ಲಿ ಒಂದು ಮಿಲಿಮೀಟರಿಗಿಂತ ತುಸು ಉದ್ದದ ಸ್ಟೀಲ್ ಸೂಜಿಗಳಿದ್ದವು. ಸೂಜಿಯ ತುದಿಗೆ ಇಂಗಾಲದ ನ್ಯಾನೊ ನಳಿಕೆಗಳ ತೆಳು ಲೇಪ, ಅದರ ಮೇಲೆ ಚಿನ್ನದ ನ್ಯಾನೊ ಕಣಗಳು. ಚಿನ್ನ ಅಷ್ಟು ಸಣ್ಣದಾದಾಗ ಹಳದಿಯಾಗಿ ಉಳಿಯುವುದಿಲ್ಲ. ನನ್ನ ಸೀಸೆಯಲ್ಲಿ ಅದು ದಾಳಿಂಬೆ ರಸದ ಬಣ್ಣದಲ್ಲಿರುತ್ತಿತ್ತು. ಆ ಕಣಗಳಿಗೆ ಡಿಎನ್‌ಎಯ ಸಣ್ಣ ಎಳೆಗಳನ್ನು ಕಟ್ಟಿ, ಪ್ರತಿ ಎಳೆಯ ತುದಿಗೆ ಒಂದು ನೀಲಿ ಬಣ್ಣದ ಅಣುವನ್ನು ಕೂರಿಸಿದ್ದೆವು. ಚರ್ಮದಡಿಯ ದ್ರವದಲ್ಲಿ ನಾವು ಹುಡುಕುತ್ತಿದ್ದ ಪ್ರೋಟೀನು ಬಂದು ಎಳೆಗೆ ಅಂಟಿದರೆ ಎಳೆ ಮಡಚಿಕೊಳ್ಳುತ್ತದೆ, ನೀಲಿ ಅಣು ಚಿನ್ನದ ಹತ್ತಿರ ಬರುತ್ತದೆ, ವಿದ್ಯುತ್ತು ಒಂದಿಷ್ಟು ಹೆಚ್ಚುತ್ತದೆ. ಆ ಒಂದಿಷ್ಟನ್ನು ಕೊರಳಪಟ್ಟಿಯಲ್ಲಿದ್ದ ಡಬ್ಬಿ ಐದು ನಿಮಿಷಕ್ಕೊಮ್ಮೆ ಅಳೆದು ನನ್ನ ಫೋನಿಗೆ ಕಳಿಸುತ್ತಿತ್ತು.

ನಾವು ಹುಡುಕುತ್ತಿದ್ದ ಪ್ರೋಟೀನಿನ ಹೆಸರು ಇಂಟರ್‌ಲೂಕಿನ್-6. ದೇಹದಲ್ಲಿ ಎಲ್ಲಾದರೂ ಉರಿಯೂತ ಶುರುವಾದರೆ ಮೊದಮೊದಲು ಏರುವವುಗಳಲ್ಲಿ ಅದೂ ಒಂದು. ಕರು ಹಾಕಿದ ಹಸುವಿಗೆ ಕೆಚ್ಚಲು ಬಾವು ಬರುವುದುಂಟು. ಹಾಲು ಒಡೆದು ಬರುವ ಹೊತ್ತಿಗೆ ಒಳಗೆ ಆಗುವ ಹಾನಿ ಆಗಿಹೋಗಿರುತ್ತದೆ. ಅದಕ್ಕೂ ಮುಂಚೆ, ಕಣ್ಣಿಗೆ ಏನೂ ಕಾಣದಿರುವಾಗಲೇ ಫೋನು ಕೂಗಬೇಕು. ದೇವನಹಳ್ಳಿ ಪಕ್ಕದ ನಮ್ಮ ಸಣ್ಣ ಪ್ರಯೋಗಾಲಯ ಎರಡು ವರ್ಷದಿಂದ ಇದೊಂದನ್ನೇ ಮಾಡುತ್ತಿತ್ತು.

ನಮಗೊಂದು ತೊಡಕಿತ್ತು. ಪಟ್ಟಿ ಅಂಟಿಸಿದ ಎರಡು ಮೂರು ಗಂಟೆಗೆಲ್ಲ ಗ್ರಾಫಿನ ಗೆರೆ ಮೇಲೇರುತ್ತಿತ್ತು, ಮರುದಿನದ ಹೊತ್ತಿಗೆ ಇಳಿದು ನೇರವಾಗುತ್ತಿತ್ತು. ಚುಕ್ಕಿಗಿಂತ ಮುಂಚಿನ ಹತ್ತು ಹಸುಗಳಿಗೂ ಹೀಗೇ ಆಗಿತ್ತು. ಹೊಸ ಸಂವೇದಕ ಜಾಗಕ್ಕೆ ಹೊಂದಿಕೊಳ್ಳಲು ಸಮಯ ಬೇಕು ಎಂದು ನಾವೇ ಅಂದುಕೊಂಡು, ಆ ಏರಿಕೆಗೆ 'ಸೆಟ್ಲಿಂಗ್' ಎಂದು ಹೆಸರಿಟ್ಟೆವು. ಮೊದಲ ಇಪ್ಪತ್ತನಾಲ್ಕು ಗಂಟೆ ಎಚ್ಚರಿಕೆಯ ಸದ್ದು ಬರದಂತೆ ಸಾಫ್ಟ್‌ವೇರಿನಲ್ಲಿ ಒಂದು ಸಾಲು ಸೇರಿಸಿದ್ದು ನಾನೇ.

ಅಂದು ಸಂಜೆ ಐದೂವರೆಗೆ ಅಕ್ಕ ಫೋನ್ ಮಾಡಿದಳು.

"ಮೇಡಮ್ಮೋರೇ, ಹಸ ಮೇವು ಮುಟ್ಟಿಲ್ಲ. ಮೆಲುಕೂ ಹಾಕ್ತಿಲ್ಲ. ಕಿವಿ ಮುಟ್ಟಿದ್ರೆ ತಣ್ಣಗೈತೆ."

ನಾನು ಗ್ರಾಫ್ ತೆರೆದೆ. ಗೆರೆ ಏರಿತ್ತು. ಹಿಂದಿನ ಹತ್ತು ಹಸುಗಳ ಮೊದಲ ದಿನದ ಗೆರೆಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಎಲ್ಲವೂ ಒಂದೇ ಥರ ಇದ್ದವು.

"ಅದು ಮಾಮೂಲಿ ಅಕ್ಕಾ. ಪಟ್ಟಿ ಹಾಕಿದ ದಿನ ಹಂಗೇ ತೋರಿಸುತ್ತೆ. ಹೊಸದಾಗಿ ಏನೋ ಅಂಟಿಸಿದ್ದಕ್ಕೆ ಹೆದರಿರಬೇಕು. ನಾಳೆ ಬೆಳಿಗ್ಗೆ ನೋಡೋಣ."

"ಡಾಕ್ಟ್ರಿಗೆ ಹೇಳೋದು ಬ್ಯಾಡ್ವಾ?"

"ಬೆಳಿಗ್ಗೆವರೆಗೂ ಕಾಯಿರಿ. ನಾನೇ ಬರ್ತೀನಿ."

"ನೀವೇ ಹೇಳ್ದ ಮೇಲೆ ಇನ್ನೇನು," ಎಂದು ಫೋನ್ ಇಟ್ಟಳು.

ಬೆಳಿಗ್ಗೆ ನಾನು ಹೋಗುವ ಮೊದಲೇ ಪಶುವೈದ್ಯರು ಬಂದಿದ್ದರು. ನಮ್ಮ ಪ್ರಯೋಗದ ಉಸ್ತುವಾರಿಗಿದ್ದವರೂ ಅವರೇ. ಚುಕ್ಕಿ ಕತ್ತು ಚಾಚಿ ಮಲಗಿತ್ತು. ಕೆಚ್ಚಲಿನ ಎಡ ಹಿಂಬದಿಯ ಭಾಗ ಕಲ್ಲಿನಂತೆ ಬಿಗಿದಿತ್ತು, ಅದರಿಂದ ಬಂದದ್ದು ಹಾಲಲ್ಲ, ಹಳದಿ ನೀರು. ವೈದ್ಯರು ಬಾಟಲಿಯ ಮೇಲೆ ಬಾಟಲಿ ದ್ರವ ಏರಿಸುತ್ತ, ಗಂಟೆಗೊಮ್ಮೆ ಆ ಭಾಗವನ್ನು ಕರೆದು ಖಾಲಿ ಮಾಡಿಸುತ್ತ ಮಧ್ಯಾಹ್ನದವರೆಗೂ ಅಲ್ಲೇ ಕೂತರು. ನನ್ನ ಕಡೆ ನೋಡಿದ್ದು ಒಂದೇ ಸಲ.

"ನಿನ್ನೆ ಸಂಜೆ ನಿಮಗೆ ಫೋನ್ ಮಾಡಿದ್ಲಂತೆ. ಒಂದು ಥರ್ಮಾಮೀಟರ್ ಇಡ್ಸೋಕೆ ನಿಮ್ಮ ಗ್ರಾಫ್ ಏನಾದ್ರೂ ಅಡ್ಡ ಬಂತಾ ಮೇಡಮ್?"

ಚುಕ್ಕಿ ಬದುಕಿತು. ಮೂರನೇ ದಿನ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ಆದರೆ ಕೆಚ್ಚಲಿನ ಆ ಒಂದು ಭಾಗ ಬತ್ತಿಹೋಯಿತು. ಆ ತೊಟ್ಟಿನಲ್ಲಿ ಮತ್ತೆ ಹಾಲು ಬರಲಿಲ್ಲ.

ಪಟ್ಟಿ ಬಿಚ್ಚಲು ಹೋದ ದಿನ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಪಟ್ಟಿ ತೆಗೆದ ಜಾಗವನ್ನು ಎರಡು ಬೆರಳಲ್ಲಿ ಸವರಿ, ನನ್ನ ಕೈ ಹಿಡಿದು ಅಲ್ಲಿಗೆ ಇಟ್ಟಳು.

"ಮುಟ್ಟಿ ನೋಡಿ. ಇನ್ನೂ ದಪ್ಪಗೈತೆ. ನೀವು ಅಂಟಿಸಿದ ದಿನ ಇನ್ನೂ ಜಾಸ್ತಿ ಇತ್ತು, ಬಿಸಿನೂ ಇತ್ತು. ಮುಳ್ಳು ಚುಚ್ಚಿದ್ರೂ ಊದ್ತದಲ್ವಾ? ನಿಮ್ ಡಬ್ಬಿ ಈ ಊತ ನೋಡಿ ಕುಣೀತಾ ಐತೋ, ಕೆಚ್ಲು ನೋಡಿ ಕುಣೀತಾ ಐತೋ?"

ಕೊಟ್ಟಿಗೆಯಿಂದ ಹೊರಟು ಗಾಡಿ ಹತ್ತಿದವಳು ದೇವನಹಳ್ಳಿ ತಲುಪುವವರೆಗೂ ಆ ಪ್ರಶ್ನೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಇಂಟರ್‌ಲೂಕಿನ್-6 ಗಾಯವಾದ ಕಡೆಯಲ್ಲೂ ಹುಟ್ಟುತ್ತದೆ ಎಂಬುದು ನನಗೆ ಗೊತ್ತಿರದ ವಿಷಯವಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಸೂಜಿ ಇಷ್ಟು ಸಣ್ಣದು, ಗಾಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನಂಬಿದ್ದೆ. ನಂಬಿದ್ದನ್ನು ಒಮ್ಮೆಯೂ ಅಳೆದಿರಲಿಲ್ಲ.

ಅಳೆಯುವ ದಾರಿ ಸರಳವಾಗಿತ್ತು. ಒಂದೇ ಹಸುವಿನ ಕುತ್ತಿಗೆಯ ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಅಂಟಿಸಬೇಕು. ಎಡದ್ದನ್ನು ಸೋಮವಾರ, ಬಲದ್ದನ್ನು ಗುರುವಾರ. ಪಟ್ಟಿ ಹಸುವಿನ ದೇಹದ ಸಮಾಚಾರ ಹೇಳುತ್ತಿದ್ದರೆ ಎರಡೂ ಒಂದೇ ಮಾತು ಹೇಳಬೇಕು. ಮೈಯೊಳಗಿನ ರಕ್ತ ಒಂದೇ ತಾನೆ.

ಆದರೆ ಒಂದು ಹಸುವಿಗೆ ಒಂದು ಪಟ್ಟಿಗೆ ಮಾತ್ರ ನಮಗೆ ಅನುಮತಿ ಇತ್ತು. ಚುಕ್ಕಿಗೆ ಆದದ್ದನ್ನೆಲ್ಲ ಬರೆದು, ನನ್ನ ಫೋನ್ ಮಾತನ್ನೂ ಬಿಡದೆ ಬರೆದು, ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಗೆ ಕಳಿಸಿದೆ. ಹಳ್ಳಿಗಳಲ್ಲಿ ಹೊಸ ಹಸುಗಳಿಗೆ ಪಟ್ಟಿ ಹಾಕುವುದನ್ನು ನಿಲ್ಲಿಸಿದ್ದೇನೆ, ಎರಡು ಪಟ್ಟಿಯ ಪರೀಕ್ಷೆಗೆ ಒಪ್ಪಿಗೆ ಬೇಕು ಎಂದು ಕೇಳಿದೆ. ಪಶುವೈದ್ಯರು ತಮ್ಮ ತರಬೇತಿ ಕೇಂದ್ರದ ಕೊಟ್ಟಿಗೆಯಲ್ಲಿ ನಾಲ್ಕು ಆರೋಗ್ಯವಂತ ಹಸುಗಳನ್ನು ಕೊಡುವುದಾಗಿ ಪತ್ರ ಬರೆದರು. "ನಿಮ್ಮ ಮೇಲಿನ ಕೋಪ ಹೋಗಿಲ್ಲ," ಎಂದರು. "ಆದ್ರೆ ಉತ್ತರ ನನಗೂ ಬೇಕು."

ಎರಡು ವಾರದ ಮೇಲೆ ಒಪ್ಪಿಗೆ ಬಂತು. ಸೋಮವಾರ ನಾಲ್ಕು ಹಸುಗಳ ಎಡಕ್ಕೆ ಪಟ್ಟಿ ಹಾಕಿದೆವು. ಗೆರೆಗಳು ಏರಿ, ಇಳಿದು, ಬುಧವಾರಕ್ಕೆ ನೇರವಾದವು. ಗುರುವಾರ ಹತ್ತು ಗಂಟೆಗೆ ಬಲಕ್ಕೆ ಹಾಕಿದೆವು. ವೈದ್ಯರು ಎರಡು ಗಂಟೆಗೊಮ್ಮೆ ಕತ್ತಿನ ರಕ್ತನಾಳದಿಂದ ರಕ್ತ ತೆಗೆದರು. ನಾನು ಕೊಟ್ಟಿಗೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ.

ಮಧ್ಯಾಹ್ನ ಒಂದು ಗಂಟೆಗೆ ಮೊದಲ ಹಸುವಿನ ಬಲದ ಗೆರೆ ಏರಲು ಶುರುವಾಯಿತು. ಎಡದ ಗೆರೆ ಅಲುಗಲಿಲ್ಲ. ಎರಡನೆಯದೂ ಹಾಗೇ. ಮೂರು ಗಂಟೆಯ ಹೊತ್ತಿಗೆ ನಾಲ್ಕೂ ಹಸುಗಳ ಬಲಗಡೆ ಜ್ವರ ಬಂದಂತಿತ್ತು, ಎಡಗಡೆ ಹಾಯಾಗಿತ್ತು. ನಾಲ್ಕೂ ನನ್ನ ಮುಂದೆ ನಿಂತು ಬೂಸಾ ತಿನ್ನುತ್ತಿದ್ದವು. ಮರುದಿನ ರಕ್ತದ ಫಲಿತಾಂಶವೂ ಬಂತು. ರಕ್ತದಲ್ಲಿ ಏನೂ ಏರಿರಲಿಲ್ಲ.

ಎರಡು ವರ್ಷ ನಾನು ಅಳೆದದ್ದು ನನ್ನ ಸೂಜಿಯ ಗಾಯವನ್ನು.

ನಮ್ಮ ಯೋಜನೆಗೆ ಹಣ ಕೊಟ್ಟವರ ಪರಿಶೀಲನಾ ಸಮಿತಿ ಬರುವುದಕ್ಕೆ ಆಗ ಐದು ವಾರವಿತ್ತು. ಯೋಜನೆಯ ಮುಖ್ಯಸ್ಥರು ಕೆಟ್ಟವರಲ್ಲ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೇ ಅವರು. ನನ್ನ ಗ್ರಾಫುಗಳನ್ನು ಮೇಜಿನ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡಿದರು.

"ನೋಡಮ್ಮಾ, ಎರಡನೇ ದಿನದಿಂದ ಗೆರೆ ಸರಿಯಾಗೇ ಇದೆ. ಮೊದಲ ದಿನ ಬಿಟ್ಟು ತೋರಿಸಿದ್ರಾಯ್ತು. ಆ ಮಿತಿ ಇದೆ ಅಂತ ಒಂದು ಸಾಲು ಬರೆಯೋಣ. ಯಾವ ಸಂವೇದಕಕ್ಕೆ ಮಿತಿ ಇಲ್ಲ ಹೇಳು?"

"ಸಾರ್, ಚುಕ್ಕಿಗೆ ಬಾವು ಬಂದದ್ದು ಮೊದಲ ದಿನ."

"ಅದು ಆಕಸ್ಮಿಕ."

"ಎರಡನೇ ದಿನದ ಮೇಲೂ ಅದು ಏನು ಅಳೀತಿದೆ ಅಂತ ನನಗೆ ಗೊತ್ತಿಲ್ಲ ಸಾರ್. ಗಾಯ ಮಾಗ್ತಾ ಇರೋದನ್ನೇ ಅಳೀತಿರಬಹುದು. ಹಸು ಕುತ್ತಿಗೆನ ಗೂಟಕ್ಕೆ ಉಜ್ಜಿದ್ರೆ ಮತ್ತೆ ಏರುತ್ತೆ. ನಾನು ಇನ್ನೊಬ್ಬರ ಕೊಟ್ಟಿಗೆಗೆ ಹೋಗಿ, ಇದನ್ನ ನಂಬಿ ಅಂತ ಹೇಳಲಾರೆ."

"ಮತ್ತೆ ಏನು ಮಾಡೋಣ ಅಂತೀಯ?"

ಆ ಪ್ರಶ್ನೆಗೆ ಉತ್ತರವನ್ನು ನಾನು ಹಿಂದಿನ ದಿನವೇ ಬರೆದಿಟ್ಟುಕೊಂಡಿದ್ದೆ. ಇಂಟರ್‌ಲೂಕಿನ್-6 ಕೈಬಿಡಬೇಕು. ಅದರ ಬದಲು ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನನ್ನು ಹಿಡಿಯಬೇಕು. ಅದನ್ನು ಹೆಚ್ಚಾಗಿ ತಯಾರಿಸುವುದು ಪಿತ್ತಜನಕಾಂಗ. ಆರೋಗ್ಯವಾಗಿರುವ ಹಸುವಿನಲ್ಲಿ ಅದು ಇದ್ದೂ ಇಲ್ಲದಂತೆ ಇರುತ್ತದೆ, ದೇಹದಲ್ಲಿ ಎಲ್ಲೋ ದೊಡ್ಡ ಉರಿಯೂತ ಎದ್ದರೆ ಹಲವು ಪಟ್ಟು ಏರುತ್ತದೆ. ಚರ್ಮದ ಸಣ್ಣ ಚುಚ್ಚುವಿಕೆಗೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಆದರೆ ಅದು ನಿಧಾನ. ಇಂಟರ್‌ಲೂಕಿನ್ ಗಂಟೆಗಳಲ್ಲಿ ಹೇಳುವುದನ್ನು ಇದು ಹೇಳಲು ಅರ್ಧ ದಿನ, ಒಂದು ದಿನ ಬೇಕಾಗುತ್ತದೆ. ಕರು ಹಾಕಿದ ಮೊದಲ ಕೆಲವು ದಿನ ಆರೋಗ್ಯದ ಹಸುವಿನಲ್ಲೂ ಸ್ವಲ್ಪ ಏರಿರುತ್ತದೆ. 'ಎಲ್ಲಕ್ಕಿಂತ ಮೊದಲು ಹೇಳುವ ಪಟ್ಟಿ' ಎಂದು ನಾವು ಎಲ್ಲ ಕಡೆ ಬರೆದುಕೊಂಡಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು.

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಸಮಿತಿ ಮುಂದೆ ನೀನೇ ನಿಂತು ಹೇಳಬೇಕಾಗುತ್ತೆ. ಆಗುತ್ತಾ?"

"ಆಗುತ್ತೆ ಸಾರ್."

ಆಗುತ್ತದೋ ಇಲ್ಲವೋ ನನಗೇ ತಿಳಿದಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗಗಳ ಸದ್ದಿನ ನಡುವೆ ಗಂಟಲು ಹರಿದುಕೊಂಡು ಮಾತಾಡಿ ಬೆಳೆದವಳು ನಾನು. ಆದರೂ ಸಮಿತಿ ಬಂದ ದಿನ ಆ ನಿಶ್ಶಬ್ದವಾದ ಸಭಾಂಗಣದಲ್ಲಿ ದನಿ ಏಳಲಿಲ್ಲ. ಮೊದಲ ಚಿತ್ರವಾಗಿ ಒಂದೇ ಹಸುವಿನ ಎರಡು ಗೆರೆಗಳನ್ನು ಹಾಕಿದೆ. ಅವೇ ಮಾತಾಡಲಿ ಎಂದು ಪರದೆಯ ಪಕ್ಕಕ್ಕೆ ಸರಿದೆ.

ಸಮಿತಿಯ ಹಿರಿಯ ಸದಸ್ಯರೊಬ್ಬರು ಮುಂದಕ್ಕೆ ಬಾಗಿದರು. "ಹಾಗಾದರೆ ಇಷ್ಟು ದಿನ ನೀವು ಅಳೆದದ್ದು ಏನನ್ನು?"

"ನಾವು ಮಾಡಿದ ಗಾಯವನ್ನು ಸರ್."

ಯಾರೋ ಸಣ್ಣಗೆ ನಕ್ಕರು. ಆ ಹಿರಿಯರು ನಗಲಿಲ್ಲ. ಚುಕ್ಕಿಯ ವಿಷಯ ಕೇಳಿದರು, ಹೇಳಿದೆ. ಎಚ್ಚರಿಕೆಯ ಸದ್ದನ್ನು ಯಾರು ನಿಲ್ಲಿಸಿದ್ದು ಎಂದು ಕೇಳಿದರು. ನಾನೇ ಎಂದೆ. ಊಟದ ನಂತರ ತೀರ್ಮಾನ ಬಂತು. ಯೋಜನೆಯನ್ನು ಹೆಚ್ಚು ಹಳ್ಳಿಗಳಿಗೆ ವಿಸ್ತರಿಸುವ ಭಾಗವನ್ನು ಕೈಬಿಟ್ಟಿದ್ದರು. ಹೊಸ ಪ್ರೋಟೀನಿಗೆ ಆರು ತಿಂಗಳು ಕೊಟ್ಟಿದ್ದರು. ಆಮೇಲೆ ಇನ್ನೊಂದು ಅವಕಾಶ ಇಲ್ಲ ಎಂದೂ ಸೇರಿಸಿದ್ದರು.

ಆ ಆರು ತಿಂಗಳಲ್ಲಿ ಮೊದಲ ಎರಡು ತಿಂಗಳು ಬರೀ ಸೋಲು. ಹ್ಯಾಪ್ಟೊಗ್ಲೋಬಿನ್ ಹಿಡಿಯುವ ಡಿಎನ್‌ಎ ಎಳೆ ಬೇರೊಂದು ಪ್ರಯೋಗಾಲಯದಿಂದ ಸಿಕ್ಕಿತು. ಉಪ್ಪುನೀರಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು, ಹಸುವಿನ ರಕ್ತದ ತಿಳಿಯಲ್ಲಿ ಇಟ್ಟರೆ ಎರಡು ಗಂಟೆಗೆಲ್ಲ ಮಂಕಾಯಿತು. ಬೇರೆ ಪ್ರೋಟೀನುಗಳೆಲ್ಲ ಬಂದು ಚಿನ್ನದ ಮೇಲೆ ಕೆನೆಯಂತೆ ಕೂರುತ್ತಿದ್ದವು. ಎಳೆಗಳ ನಡುವಿನ ಖಾಲಿ ಜಾಗವನ್ನು ಸಣ್ಣ ಅಣುಗಳಿಂದ ತುಂಬಿದೆವು. ಸೂಜಿಗೆ ನೀರು ಹೀರುವ ತೆಳುವಾದ ಜೆಲ್ ಪದರ ಹೊದಿಸಿದೆವು. ಒಂದೇ ವೇಗದ ವಿದ್ಯುತ್ ಮಿಡಿತದಿಂದ ಅಳೆಯುವುದನ್ನು ಬಿಟ್ಟು ಎರಡು ವೇಗದಲ್ಲಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆದೆವು. ಮಂಕಾಗುವುದು ಎರಡರಲ್ಲೂ ಒಂದೇ ಥರ ಆಗುತ್ತಿದ್ದುದರಿಂದ ಬಹುಪಾಲು ಕಳೆದುಹೋಗುತ್ತಿತ್ತು, ಪ್ರೋಟೀನಿನ ಸುದ್ದಿ ಮಾತ್ರ ಉಳಿಯುತ್ತಿತ್ತು.

ಆಮೇಲೆ ರಕ್ತದ ತಾಪತ್ರಯ. ಹ್ಯಾಪ್ಟೊಗ್ಲೋಬಿನ್ನಿನ ಕೆಲಸವೇ ಒಡೆದ ರಕ್ತಕಣಗಳಿಂದ ಸೋರುವ ಹಿಮೋಗ್ಲೋಬಿನ್ನನ್ನು ಅಪ್ಪಿಕೊಳ್ಳುವುದು. ಸೂಜಿ ಚುಚ್ಚಿದಲ್ಲಿ ಒಂದು ಹನಿ ರಕ್ತ ಬಂದರೂ ಸಾಕು, ಅದು ಹಿಮೋಗ್ಲೋಬಿನ್ನನ್ನು ಅಪ್ಪಿ ಕೂರುತ್ತಿತ್ತು, ನಮ್ಮ ಎಳೆಗೆ ಸಿಗುತ್ತಿರಲಿಲ್ಲ. ಸೂಜಿಯ ಉದ್ದವನ್ನು ಕಡಿಮೆ ಮಾಡಿದೆವು, ತುದಿಗಳನ್ನು ಮತ್ತೆ ಮತ್ತೆ ನಯ ಮಾಡಿದೆವು. ಕೈಯಲ್ಲಿ ಒತ್ತುವಾಗ ಒಂದೊಂದು ಸಲ ಒಂದೊಂದು ಬಲ ಬೀಳುತ್ತದೆಂದು ಒಂದೇ ಬಲದಲ್ಲಿ ಒತ್ತುವ ಸ್ಪ್ರಿಂಗಿನ ಸಾಧನ ಮಾಡಿಸಿದೆವು. ರಕ್ತ ಕಂಡರೆ ಪಟ್ಟಿಯನ್ನು ಎಸೆಯಬೇಕು ಎಂಬುದು ನಿಯಮವಾಯಿತು. ಎಸೆದ ಪಟ್ಟಿಗಳಿಂದ ಒಂದು ಬಕೆಟ್ ತುಂಬಿತು.

ನಾಲ್ಕನೇ ತಿಂಗಳ ಕೊನೆಗೆ ತರಬೇತಿ ಕೇಂದ್ರದ ಅದೇ ಹಸುಗಳಿಗೆ ಎಡಕ್ಕೊಂದು, ಮೂರು ದಿನ ಬಿಟ್ಟು ಬಲಕ್ಕೊಂದು ಪಟ್ಟಿ ಹಾಕಿದೆವು. ಗೆರೆಗಳು ಏಳಲಿಲ್ಲ. ಎಡ ಬಲ ಎರಡೂ ಒಂದರ ಮೇಲೊಂದು ಮಲಗಿದಂತೆ ಚಪ್ಪಟೆಯಾಗಿ ಹೋದವು. ಹೊರಗಿನವರು ನೋಡಿದರೆ ಇದರಲ್ಲಿ ಏನಿದೆ ಎನ್ನುತ್ತಿದ್ದರು. ವೈದ್ಯರು ಮಾತ್ರ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, "ಇವತ್ತು ಕಾಫಿ ನಂದು," ಎಂದರು.

ಮೊದಲು ಹೋಗಬೇಕಾದ ಕೊಟ್ಟಿಗೆ ಯಾವುದೆಂದು ನನಗೆ ಗೊತ್ತಿತ್ತು. ಅಕ್ಕ ಚುಕ್ಕಿಯನ್ನು ಮುಟ್ಟಗೊಡಲಿಲ್ಲ. ಆಕೆಯ ಇನ್ನೊಂದು ಹಸು ಕರು ಹಾಕಿ ಮೂರು ವಾರವಾಗಿತ್ತು. ನಾನು ಆದದ್ದನ್ನೆಲ್ಲ ಹೇಳಿದೆ. ಅಂದು ನಾನು ಹೇಳಿದ್ದು ತಪ್ಪು, ನೀವು ಕೇಳಿದ್ದು ಸರಿ ಎಂದೂ ಹೇಳಿದೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

"ಈ ಹಸುಗೆ ಹಾಕಿ. ಆದ್ರೆ ಒಂದು ಮಾತು. ನಿಮ್ ಡಬ್ಬಿ ಹೇಳೋದು ಬರ್ಕೊಳ್ಳೋ ಹಂಗೆ ನಾನ್ ಹೇಳೋದೂ ಬರ್ಕೋಬೇಕು. ಇಬ್ರಲ್ಲಿ ಯಾರ್ ಹೇಳಿದ್ರೂ ಡಾಕ್ಟ್ರು ಬರ್ಬೇಕು."

"ಬರ್ತಾರೆ ಅಕ್ಕಾ. ಮೊದಲ ಗಂಟೆಯಿಂದಲೇ."

ಮೊದಲ ಇಪ್ಪತ್ತನಾಲ್ಕು ಗಂಟೆ ಸದ್ದು ಬರದಂತೆ ತಡೆದಿದ್ದ ಆ ಸಾಲನ್ನು ನಾನು ಆಗಲೇ ಅಳಿಸಿದ್ದೆ. ನೈತಿಕ ಸಮಿತಿಯ ಹೊಸ ಒಪ್ಪಿಗೆಯಂತೆ ಈ ಹಸುವಿಗೂ ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಹಾಕಿದೆ. ನಮ್ಮ ದಾಖಲೆ ಪುಸ್ತಕದಲ್ಲಿ ಗ್ರಾಫಿನ ಅಂಕಿಗಳ ಪಕ್ಕ ಇನ್ನೊಂದು ಕಾಲಂ ಎಳೆದೆ. ದಿನಕ್ಕೆರಡು ಸಲ ಆಕೆ ಫೋನಿನಲ್ಲಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಮೇವು ಚೆನ್ನಾಗಿ ತಿಂತು. ಸಗಣಿ ಸ್ವಲ್ಪ ತೆಳ್ಳಗೈತೆ. ಎಡಕ್ಕೇ ಮಲಗ್ತದೆ. ಕರು ಕಡೆ ನೋಡ್ತಾ ಐತೆ.

ಆರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಫೋನು ಕೂಗಿತು. ಎಡ ಬಲ ಎರಡೂ ಗೆರೆಗಳು ಜೊತೆಯಾಗಿ ಏರುತ್ತಿದ್ದವು. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ.

"ಏನೂ ಆಗಿಲ್ವಲ್ಲ ಮೇಡಮ್ಮೋರೇ. ಬೆಳಿಗ್ಗೆ ಹಾಲು ಎಷ್ಟು ಕೊಡ್ಬೇಕೋ ಅಷ್ಟೂ ಕೊಟ್ತು. ಈಗ್ಲೂ ಹುಲ್ಲು ಮೇಯ್ತಾ ಐತೆ. ನಿಮ್ ಡಬ್ಬಿ ಮತ್ತೆ ಕುಣೀತಾ ಐತಾ?"

ಮತ್ತೆ ಗಾಯವೇ ಇರಬಹುದೇ, ಹಸು ಕುತ್ತಿಗೆ ಉಜ್ಜಿಕೊಂಡಿರಬಹುದೇ ಎಂದು ಮನಸ್ಸು ಕಾರಣ ಹುಡುಕಲು ಹೊರಟಿತು. ಅದನ್ನು ಅಲ್ಲಿಗೇ ತಡೆದೆ. "ಇರಬಹುದು ಅಕ್ಕಾ. ಆದ್ರೂ ಡಾಕ್ಟ್ರನ್ನ ಕರ್ಕೊಂಡು ಬರ್ತೀನಿ," ಎಂದು ಹೊರಟೆ.

ವೈದ್ಯರು ಹಸುವಿನ ಜ್ವರ ನೋಡಿದರು. ಇರಲಿಲ್ಲ. ಕೆಚ್ಚಲು ಒತ್ತಿ ನೋಡಿದರು. ಮೆತ್ತಗಿತ್ತು. ಚೀಲದಿಂದ ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ ತೆಗೆದು ಒಂದೊಂದು ತೊಟ್ಟಿನಿಂದ ಒಂದೊಂದು ಬಟ್ಟಲಿಗೆ ಸ್ವಲ್ಪ ಹಾಲು ಹಿಂಡಿದರು. ನಾಲ್ಕೂ ಬೆಳ್ಳಗೆ, ಒಂದೇ ಥರ ಇದ್ದವು. ಅದರ ಮೇಲೆ ನೇರಳೆ ಬಣ್ಣದ ದ್ರಾವಣ ಹಾಕಿ ತಟ್ಟೆಯನ್ನು ನಿಧಾನವಾಗಿ ವೃತ್ತಾಕಾರದಲ್ಲಿ ಆಡಿಸಿದರು. ಮೂರು ಬಟ್ಟಲುಗಳಲ್ಲಿ ಹಾಲು ನೀರಿನಂತೆ ಸುತ್ತಿತು. ಬಲ ಹಿಂಬದಿಯ ಬಟ್ಟಲಿನದು ಗಂಜಿಯಂತೆ ಗಟ್ಟಿಯಾಗಿ, ತಟ್ಟೆ ವಾಲಿಸಿದಾಗ ಮುದ್ದೆಯಾಗಿ ಜಾರಿತು.

ವೈದ್ಯರು ತಟ್ಟೆಯನ್ನು ಅಕ್ಕನ ಮುಂದೆ ಹಿಡಿದರು. "ಬಾವು ಶುರುವಾಗಿದೆ. ಈಗಷ್ಟೇ. ಇವತ್ತೇ ಔಷಧಿ ಹಾಕಿದ್ರೆ ಉಳ್ಕೊಳ್ಳತ್ತೆ."

ಆ ತೊಟ್ಟು ಉಳಿಯಿತು. ಒಂದು ಹಸುವಿನಿಂದ ಏನೂ ಸಾಬೀತಾಗುವುದಿಲ್ಲ. ಆಮೇಲೆ ಹಾಕಿದ ಪಟ್ಟಿಗಳಲ್ಲಿ ಒಂದು ಕಾಲಿನ ಗೊರಸಿನ ಹುಣ್ಣಿಗೆ ಕೂಗಿತು, ಒಂದು ಏಕೆ ಕೂಗಿತೆಂದು ಇವತ್ತಿಗೂ ತಿಳಿದಿಲ್ಲ. ಅವೆಲ್ಲವನ್ನೂ ವರದಿಯಲ್ಲಿ ಸೇರಿಸಿದ್ದೇವೆ, ಕೆಲಸ ಮುಂದುವರಿದಿದೆ. ಆದರೆ ಆ ಮಧ್ಯಾಹ್ನ ನನಗೆ ಇದಾವುದೂ ಗೊತ್ತಿರಲಿಲ್ಲ.

ವೈದ್ಯರು ಔಷಧಿ ಹಾಕಲು ಕೂತರು. ಅಕ್ಕ ಹಸುವಿನ ಬೆನ್ನು ಸವರುತ್ತ ಆ ಗಟ್ಟಿ ಹಾಲಿನ ಬಟ್ಟಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಪುಸ್ತಕದ ಕಡೆ ಗದ್ದದಿಂದಲೇ ಸನ್ನೆ ಮಾಡಿದಳು.

"ನಂಗೆ ಕಾಣ್ಲಿಲ್ಲ. ಬರ್ಕೊಳ್ಳಿ ಮೇಡಮ್ಮೋರೇ, ಅದನ್ನೂ ಬರ್ಕೊಳ್ಳಿ."